ಜರ್ಮನ್ ಬಾಯಿ

ಮಿರಜದ ಆ ದಿನಗಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಒಂದು ಪುಕ್ಕ. ಪಾರಿವಾಳದ ಎದೆಯಿಂದ ಉದುರಿದ್ದು, ಬೂದುಬಣ್ಣದ್ದು, ಹೆಬ್ಬೆರಳಿನ ಉಗುರಿನಷ್ಟು ಸಣ್ಣದು. ಅದು ಬೆಳ್ಳಗಿನ ಅಂಗೈಯೊಂದರ ಮೇಲೆ ಕೂತಿದೆ. ಅಂಗೈ ನನ್ನ ತುಟಿಗಳ ಮುಂದಿದೆ. ನಾನು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಊದುತ್ತೇನೆ. ಪುಕ್ಕ ಅಲುಗುವುದಿಲ್ಲ. ಉಸಿರೆಲ್ಲ ಮೂಗಿನಿಂದ ಹೊರಟುಹೋಗಿದೆ. ಸುತ್ತ ಬೇವಿನ ಮರಗಳ ನೆರಳು, ತಣ್ಣಗಿನ ಕಲ್ಲಿನ ವರಾಂಡ, ದೂರದಲ್ಲಿ ಜಂಕ್ಷನ್ನಿನ ಕಡೆಯಿಂದ ರೈಲಿನ ಸಿಳ್ಳು. ಆ ಅಂಗೈಯ ಹೆಂಗಸು ಸ್ವಲ್ಪವೂ ಬೇಸರಿಸದೆ ತಮ್ಮ ಮುರುಕು ಮರಾಠಿಯಲ್ಲಿ ಮತ್ತೆ ಹೇಳುತ್ತಾರೆ: "ನಾಕ್ ನಾಹೀ. ತೋಂಡ್." ಮೂಗಲ್ಲ, ಬಾಯಿ.

ಅವರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಜರ್ಮನ್ ಬಾಯಿ ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಬಾಯಿ ಅಂದರೆ ಹೆಂಗಸು ಎಂದು ನನಗೂ ಗೊತ್ತಿತ್ತು. ಸಾಂಗ್ಲಿಯಲ್ಲಿ ಬೆಳೆದ ಯಾವ ಮಗುವಿಗೆ ಗೊತ್ತಿರುವುದಿಲ್ಲ? ಆದರೂ ಮನೆಯಲ್ಲಿ ಕನ್ನಡ ಆಡುವ ನನ್ನ ಕಿವಿಗೆ ಆ ಹೆಸರು ಹಲ್ಲು ನಾಲಿಗೆ ಇರುವ ಬಾಯಿಯಾಗಿಯೇ ಕೇಳಿಸುತ್ತಿತ್ತು. ಜರ್ಮನಿಯಿಂದ ಒಂದು ಬಾಯಿ ಬಂದಿದೆ, ಅದು ನನಗೆ ಮಾತು ಕಲಿಸುತ್ತದೆ ಎಂದುಕೊಂಡಿದ್ದೆ.

ನನ್ನ ಅಂಗುಳು ಹುಟ್ಟಿನಿಂದಲೇ ಸೀಳಿತ್ತು. ತುಟಿ, ಮೂಗು ಎಲ್ಲ ನೆಟ್ಟಗಿದ್ದವು. ಮುಖ ನೋಡಿದವರಿಗೆ ಏನೂ ತಿಳಿಯುತ್ತಿರಲಿಲ್ಲ. ಮಾತಾಡಿದಾಗಲೇ ಗೊತ್ತಾಗುತ್ತಿದ್ದದ್ದು. ಎಳೆಗೂಸಾಗಿದ್ದಾಗ ಕುಡಿದ ಹಾಲು ಮೂಗಿನಿಂದ ಬರುತ್ತಿತ್ತಂತೆ. ಅವ್ವ ನನ್ನನ್ನು ನೆಟ್ಟಗೆ ಕೂರಿಸಿಕೊಂಡು, ಅರಳೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ, ಹನಿಹನಿಯಾಗಿ ಹಿಂಡಿ ಬದುಕಿಸಿದಳು. ಮಾತು ಬರುವ ವಯಸ್ಸಿಗೆ ಮಾತು ಬಂತು, ಆದರೆ ಎಲ್ಲ ಮೂಗಿನಲ್ಲೇ. ಮ ಮತ್ತು ನ ಚೆನ್ನಾಗಿ ಬರುತ್ತಿದ್ದವು. ಲ, ಳ ಹೇಗೋ ಬರುತ್ತಿದ್ದವು. ಕ, ಚ, ಪ, ಸ, ಶ ಇವೆಲ್ಲ ಬಾಯೊಳಗೆ ಗಾಳಿ ಕೂಡಿಟ್ಟುಕೊಂಡು ಬಿಡುವ ಅಕ್ಷರಗಳು. ನನ್ನ ಬಾಯಲ್ಲಿ ಗಾಳಿ ನಿಲ್ಲುತ್ತಲೇ ಇರಲಿಲ್ಲ. ಅವುಗಳ ಜಾಗದಲ್ಲಿ ಗಂಟಲಿನಿಂದ ಬಿಕ್ಕಿದಂಥ ಒಂದು ಸದ್ದು ಬರುತ್ತಿತ್ತು.

ಅವ್ವನಿಗೆ ಮಾತ್ರ ನಾನು ಅಂದದ್ದೆಲ್ಲ ತಿಳಿಯುತ್ತಿತ್ತು. ಬಾಗಿಲಿಗೆ ಬಂದವರು ಏನಾದರೂ ಕೇಳಿದರೆ ನಾನು ಉತ್ತರ ಹೇಳುತ್ತಿದ್ದೆ, ಅವರು ಅವ್ವನ ಕಡೆ ನೋಡುತ್ತಿದ್ದರು.

"ಏನಂತಾಳ್ರಿ ನಿಮ್ಮ ಹುಡುಗಿ?"

ಅವ್ವ ಒಲೆಯ ಮುಂದಿನಿಂದ ಏಳದೆ, "ಅಪ್ಪ ಪ್ಯಾಟಿಗೆ ಹೋಗ್ಯಾನ, ಹೊತ್ತ ಮುಳಗಿದ ಮ್ಯಾಲ ಬರ್ತಾನ ಅಂತಾಳ್ರಿ" ಅನ್ನುತ್ತಿದ್ದಳು.

ಅಪ್ಪ ಅರಿಶಿನ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದ. ಅವನ ಧೋತರ, ಟೊಪ್ಪಿಗೆ, ಕಿವಿಯ ಹಿಂದಿನ ಸಂದು ಕೂಡ ಹಳದಿ. ನನ್ನನ್ನು ಶಾಲೆಗೆ ಕಳಿಸಿದ್ದ. ಅಲ್ಲಿನ ಹುಡುಗಿಯರು ಮೂಗು ಹಿಡಿದುಕೊಂಡು ನನ್ನ ಹಾಗೆ ಮಾತಾಡಿ ನಗುತ್ತಿದ್ದರು. ಒಂದು ದಿನ ನಾನು ಹೋಗುವುದಿಲ್ಲ ಅಂದೆ. ಅಪ್ಪ ಒತ್ತಾಯ ಮಾಡಲಿಲ್ಲ. ಮನೆಯಲ್ಲೇ ಪಾಟಿಯ ಮೇಲೆ ಅಕ್ಷರ ತಿದ್ದಿಸಿದ. ಓದಲು ಬಂತು, ಕಣ್ಣಿನಲ್ಲಿ ಓದಿಕೊಳ್ಳುತ್ತಿದ್ದೆ. ಗಟ್ಟಿಯಾಗಿ ಓದು ಎಂದು ಯಾರೂ ಹೇಳುತ್ತಿರಲಿಲ್ಲ.

ಅವ್ವನ ತಂಗಿಯನ್ನು ಮಿರಜಕ್ಕೆ ಕೊಟ್ಟಿದ್ದರು. ನನಗೆ ಅವಳು ಮಾವಶಿ. ಅವಳ ಗಂಡ ತಂಬೂರಿ, ಸಿತಾರ ಮಾಡುವ ಉಸ್ತಾದರೊಬ್ಬರ ಕೈಕೆಳಗೆ ಸೋರೆ ಬುರುಡೆಗಳನ್ನು ಒಣಗಿಸಿ ಕೊರೆಯುವ ಕೆಲಸ ಮಾಡುತ್ತಿದ್ದರು. ಅವರನ್ನು ಕಾಕಾ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಒಂದು ದೀಪಾವಳಿಗೆ ಮಾವಶಿ ನಮ್ಮ ಮನೆಗೆ ಬಂದವಳು, ಕರ್ಚಿಕಾಯಿ ಒತ್ತುತ್ತ ಒತ್ತುತ್ತ ಹೇಳಿದಳು:

"ಅಕ್ಕಾ, ನಮ್ಮ ಮಿರಜದ ದೊಡ್ಡ ದವಾಖಾನ್ಯಾಗ ಸೀಳಿದ ಅಂಗುಳ ಹೊಲೀತಾರಂತ. ನಮ್ಮ ಓಣ್ಯಾಗಿನ ಒಂದು ಕೂಸಿಗೆ ಹೊಲದಾರ. ನಾ ಕಣ್ಣಾರೆ ನೋಡೇನಿ."

ಅಪ್ಪ ಕೈಯಲ್ಲಿದ್ದ ಕರ್ಚಿಕಾಯಿಯನ್ನು ತಟ್ಟೆಗಿಟ್ಟ. "ಬಾಯಾಗ ಕತ್ತರಿ ಹಾಕಸೋದೇನು? ಹುಡುಗಿ ದೊಡ್ಡಾಕಿ ಆಗ್ಯಾಳ."

"ದೊಡ್ಡಾಕಿ ಆಗ್ಯಾಳಂತss ಹೇಳಾಕತ್ತೇನಿ" ಅಂದಳು ಮಾವಶಿ.

ಅವ್ವ ನನ್ನ ಕಡೆ ತಿರುಗಿ, "ಹೋಗ್ತೀ ಏನು?" ಎಂದು ಕೇಳಿದಳು. ನಾನು ಹೋಗುತ್ತೇನೆ ಅಂದೆ. ಅದನ್ನು ಅವಳೇ ಉಳಿದವರಿಗೆ ತಿಳಿಸಿದಳು.

ಸಾಂಗ್ಲಿಯಿಂದ ಮಿರಜಕ್ಕೆ ಬಹಳ ದೂರವೇನಿಲ್ಲ. ಆದರೆ ಆಗ ಸಾಂಗ್ಲಿ ಒಬ್ಬ ರಾಜರದು, ಮಿರಜ ಇನ್ನೊಬ್ಬರದು. ಸಣ್ಣ ರೈಲಿನಲ್ಲಿ ಅವ್ವನ ಮಗ್ಗುಲಿಗೆ ಕೂತು, ಒಂದು ರಾಜ್ಯ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಕಿಟಕಿಯಿಂದ ಹುಡುಕುತ್ತಿದ್ದೆ. ಅದೇ ಕರಿಮಣ್ಣು, ಅದೇ ಜೋಳದ ಹೊಲ, ಬದುವಿನ ಮೇಲೆ ಅದೇ ಜಾಲಿಗಿಡ. ಬೆಳಗಿನ ಮಂಜು ಹೊಲಗಳ ಮೇಲೆ ಹಾಸಿಕೊಂಡಿತ್ತು. ನೋಡುತ್ತ ನೋಡುತ್ತ ನಿದ್ದೆ ಬಂತು. ಕಣ್ಣು ಬಿಟ್ಟಾಗ ಮಿರಜ.

ಶಸ್ತ್ರಚಿಕಿತ್ಸೆಯ ದಿನದಿಂದ ನನಗೆ ಉಳಿದಿರುವುದು ಒಂದು ವಾಸನೆ ಮಾತ್ರ. ಸಿಹಿಯಾದ, ತಲೆಗೆ ಏರುವ ವಾಸನೆ. ಮೂಗಿನ ಮೇಲೆ ಬಟ್ಟೆ ಹಿಡಿದವರು ಎಣಿಸು ಅಂದರು. ಎಣಿಸುತ್ತ ಎಣಿಸುತ್ತ ನಾನು ಕೃಷ್ಣೆಯಲ್ಲಿ ಅಂಗಾತ ಮಲಗಿ ತೇಲುತ್ತಿದ್ದೆ. ನೀರು ಅರಿಶಿನದ ಬಣ್ಣದ್ದಾಗಿತ್ತು. ದಂಡೆಯ ಮೇಲೆ ಯಾರೋ ನನ್ನನ್ನು ಕರೆಯುತ್ತಿದ್ದರು, ಎದ್ದು ಉತ್ತರ ಕೊಡಬೇಕೆಂಬ ಅವಸರವೇ ಇರಲಿಲ್ಲ. ಎಚ್ಚರಾದಾಗ ಬಾಯಿ ತುಂಬ ಉರಿ. ಅವ್ವ ನನ್ನ ಪಾದ ಹಿಡಿದುಕೊಂಡು ಕೂತಿದ್ದಳು.

ಗಾಯ ಮಾಯಿತು. ನಾಲಿಗೆಯಿಂದ ಮುಟ್ಟಿ ನೋಡಿದರೆ ಮೊದಲು ಖಾಲಿ ಇದ್ದಲ್ಲಿ ಈಗ ಒಂದು ಏಣು ಸಿಗುತ್ತಿತ್ತು. ಗಂಜಿ ಮೂಗಿನಿಂದ ಬರುವುದು ನಿಂತಿತು. ಡಾಕ್ಟರರು ದೀಪ ಹಿಡಿದು ನೋಡಿ ಸಂತೋಷಪಟ್ಟು, ಈಗ ಏನಾದರೂ ಮಾತಾಡು ಅಂದರು. ನಾನು ಮಾತಾಡಿದೆ. ಅದೇ ಹಳೆಯ ಮಾತು. ಗಂಟಲಿನ ಬಿಕ್ಕು, ಮೂಗಿನ ಗುಂಯ್. ಅವ್ವನ ಮುಖದಲ್ಲಿ ದಿನಗಟ್ಟಲೆ ಇದ್ದ ಬೆಳಕು ಆರಿಹೋಯಿತು. ಡಾಕ್ಟರರು ಹೇಳಿದ್ದನ್ನು ಅಲ್ಲಿದ್ದ ಕಂಪೌಂಡರ್ ನಮಗೆ ಮರಾಠಿಯಲ್ಲಿ ಹೇಳಿದ: ಅಂಗುಳು ಸರಿಯಾಗಿದೆ, ಆದರೆ ಇಷ್ಟು ವರ್ಷ ಒಂದೇ ರೀತಿ ಮಾತಾಡಿದ ನಾಲಿಗೆಗೆ, ಗಂಟಲಿಗೆ ಅದೇ ರೂಢಿಯಾಗಿದೆ. ಇನ್ನು ಕಲಿಯಬೇಕು. ಹೇಗೆ ಕಲಿಯಬೇಕು ಎಂದು ಅವನು ಹೇಳಲಿಲ್ಲ.

ಅವ್ವ ಸಾಂಗ್ಲಿಗೆ ಹೋಗಬೇಕಾಗಿತ್ತು, ತಮ್ಮ ಇನ್ನೂ ಚಿಕ್ಕವನಿದ್ದ. ನನ್ನನ್ನು ಮಾವಶಿಯ ಮನೆಯಲ್ಲಿ ಬಿಟ್ಟು ಹೋದಳು. ಮಾವಶಿ ಮಾತ್ರ ಸುಮ್ಮನೆ ಕೂರುವವಳಲ್ಲ. ನನ್ನ ಕೈ ಹಿಡಿದುಕೊಂಡು ದಿನಾ ಆಸ್ಪತ್ರೆಯ ವರಾಂಡದಲ್ಲಿ ಹೋಗಿ ನಿಲ್ಲುತ್ತಿದ್ದಳು. ಬಂದುಹೋಗುವವರನ್ನೆಲ್ಲ ತಡೆದು, "ಹೊಲದ್ರಿ, ಚಲೋ ಆತು, ಮಾತು ಯಾರು ಕಲಸಾವ್ರ್ರಿ?" ಎಂದು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೇಳುತ್ತಿದ್ದಳು. ಹಾಗೆ ಒಂದು ಮಧ್ಯಾಹ್ನ ಅವಳು ತಡೆದದ್ದು ಜರ್ಮನ್ ಬಾಯಿಯನ್ನು.

ಅವರು ಆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಅವ್ವನಿಗಿಂತ ಹಿರಿಯರು, ಎತ್ತರ, ಮೂಗಿನ ಮೇಲೆಲ್ಲ ಎಳ್ಳು ಚೆಲ್ಲಿದಂತೆ ಕಂದು ಚುಕ್ಕೆಗಳು. ಮಾವಶಿಯ ಮಾತು ಪೂರ್ತಿ ಕೇಳಿಸಿಕೊಂಡು, ನನ್ನ ಗದ್ದ ಎತ್ತಿ, ಬಾಯಿ ತೆರೆಸಿ ಬಿಸಿಲಿಗೆ ಹಿಡಿದು ನೋಡಿದರು. ನಾಳೆ ಊಟವಾದ ಮೇಲೆ ಬಾ ಅಂದರು. ಅಷ್ಟೇ. ಅದು ಅವರ ಕೆಲಸವಾಗಿರಲಿಲ್ಲ. ವಾರ್ಡಿನ ಕೆಲಸ ಮುಗಿಸಿ ಅವರು ಸ್ವಲ್ಪ ಮಲಗುತ್ತಿದ್ದ ಹೊತ್ತು ಅದು. ಮರುದಿನದಿಂದ ಆ ಹೊತ್ತು ನನ್ನದಾಯಿತು.

ಮೊದಲು ಪುಕ್ಕ. ಅದು ಅಲುಗಲು ಬಹಳ ದಿನ ಹಿಡಿಯಿತು. ಬಾಯಿಯವರು ಮೊದಲು ನನ್ನ ಮೂಗು ಹಿಡಿದು ಊದಿಸಿದರು, ಆಮೇಲೆ ಬಿಟ್ಟು ಊದಿಸಿದರು. ಪುಕ್ಕ ಅಂಗೈಯಿಂದ ಎದ್ದು ವರಾಂಡದ ಕಂಬದವರೆಗೆ ಹಾರಿಹೋದ ದಿನ ಮಾವಶಿ ಚಪ್ಪಾಳೆ ತಟ್ಟಿದಳು. ಆದರೆ ಊದುವುದು ಬೇರೆ, ಮಾತು ಬೇರೆ. ಪ ಅನ್ನು ಅಂದರೆ ನನ್ನ ಗಂಟಲು ಹಳೆಯ ಬಿಕ್ಕನ್ನೇ ಎತ್ತುತ್ತಿತ್ತು. ಸ ಅನ್ನು ಅಂದರೂ ಅದೇ. ದಿನಗಳು ಹೋದವು. ನಾನು ಅಳತೊಡಗಿದೆ. ಆಗ ಬಾಯಿಯವರು ಬಹಳ ಹೊತ್ತು ಯೋಚಿಸಿ ಮಾವಶಿಗೆ ಏನೋ ಹೇಳಿದರು. ಅವರ ಮರಾಠಿಯಲ್ಲಿ ಗಂಡು ಹೆಣ್ಣಾಗುತ್ತಿತ್ತು, ಹೆಣ್ಣು ಗಂಡಾಗುತ್ತಿತ್ತು. ಮಾವಶಿ ಅದನ್ನು ಬಿಡಿಸಿ ನನಗೆ ಹೇಳಿದಳು:

"ನಿನಗ ಗೊತ್ತಿರೋ ಸಪ್ಪಳೆಲ್ಲಾ ಹಳೀ ದಾರಿ ಹಿಡದು ಹೋಗ್ತಾವಂತ. ನೀ ಹುಟ್ಟಿದಾಗಿಂದ ಒಮ್ಮಿನೂ ಅನ್ನದ ಸಪ್ಪಳ ಒಂದು ಕೊಡ್ತಾರಂತ. ಅದಕ್ಕ ಹಳೀ ದಾರಿ ಗೊತ್ತss ಇಲ್ಲಲ್ಲಾ. ಅವರು ತೋರಿಸಿದ ದಾರೀಲೆ ಬರ್ತೈತಂತ."

ಹೀಗೆ ನನ್ನ ಬಾಯಿಗೆ ಬಂತು ಆ ಜರ್ಮನ್ ಅಕ್ಷರ. ಅದನ್ನು ಬರೆಯಲು ನಮ್ಮಲ್ಲಿ ಅಕ್ಷರವಿಲ್ಲ. ಶ ಅಂತ ಬರೆದರೆ ತಪ್ಪು, ಹ ಅಂತ ಬರೆದರೆ ಪೂರ್ತಿ ಸರಿಯಲ್ಲ, ಖ ಅಂತೂ ದೂರವೇ ಉಳಿಯಿತು. ಇಲ್ಲಿ ಇಹ್ ಎಂದು ಬರೆಯುತ್ತೇನೆ. ಓದುವವರು ಆ ಹ್‌ನಲ್ಲಿ ದನಿ ಇಲ್ಲ, ಕಿರಿದಾದ ಸಂದಿಯಿಂದ ಜಾರುವ ಉಸಿರಷ್ಟೇ ಇದೆ ಎಂದು ತಿಳಿದುಕೊಳ್ಳಬೇಕು.

ಬಾಯಿಯವರು ಸೀಮೆಸುಣ್ಣದಿಂದ ವರಾಂಡದ ಕಲ್ಲಿನ ಮೇಲೆ ನಾಲಿಗೆಯ ಚಿತ್ರ ಬರೆದರು. ತುದಿ ಕೆಳಗಿನ ಹಲ್ಲುಗಳ ಹಿಂದೆ ಮಲಗಿರಬೇಕು. ನಡುಭಾಗ ಬೆಕ್ಕಿನ ಬೆನ್ನಿನ ಹಾಗೆ ಮೇಲೇಳಬೇಕು. ಮೊದಲು ಈ ಅನ್ನು. ಈ ಅನ್ನುತ್ತಲೇ ಇರು. ನಾಲಿಗೆಯನ್ನು ಅಲುಗಿಸದೆ ದನಿ ನಿಲ್ಲಿಸು. ಉಸಿರನ್ನು ಮಾತ್ರ ಬಿಡು. ಅವರು ಮಾಡಿ ತೋರಿಸಿದರು. ರೇಷ್ಮೆ ಸೀರೆಯ ಮೇಲೆ ಬೆರಳು ಎಳೆದಂತೆ ಸದ್ದು ಬಂತು. ಅಂಥ ಸದ್ದು ಮನುಷ್ಯರ ಭಾಷೆಯಲ್ಲಿ ಇರುತ್ತದೆ ಎಂದು ನನಗೆ ನಂಬಿಕೆಯೇ ಬರಲಿಲ್ಲ.

ಮನೆಗೆ ಬಂದ ಮೇಲೆ ಮಾವಶಿ ತಾನೂ ಅಂದು ನೋಡಿದಳು. "ಇಶ್ಶ." ಅಂದವಳೇ ಬಾಯಿಗೆ ಸೆರಗು ಮುಚ್ಚಿಕೊಂಡು ನಗತೊಡಗಿದಳು. ಮರಾಠಿ ಹೆಂಗಸರು ನಾಚಿಕೊಂಡಾಗ ಅನ್ನುವುದು ಅದನ್ನೇ.

"ಅಯ್ಯ, ಇಶ್ಶ ಅನ್ನಾಕ ಜರ್ಮನಿಯಿಂದ ಬರಬೇಕೇನು? ನಮ್ಮ ಓಣ್ಯಾಗ ಮದಿವಿ ಆಗದ ಹುಡುಗ್ಯಾರೆಲ್ಲಾ ಅಂತಾರ!"

ಕಾಕಾ ಬುರುಡೆಯ ಒಳಗಿನ ಒಣಗಿದ ತಿರುಳನ್ನು ಕೆರೆಯುತ್ತ ಕೂತಿದ್ದರು. "ಹಂಗಲ್ಲಲೇ, ಇಖ್ ಇರಬೇಕು" ಅಂದರು. ಅವರು ಅಂದದ್ದು ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದವರು ಮಾಡುವ ಸದ್ದಿನ ಹಾಗಿತ್ತು. ಮಾವಶಿ ಮತ್ತೆ ಇಶ್ಶ ಅಂದಳು, ಕಾಕಾ ಮತ್ತೆ ಇಖ್ ಅಂದರು. ಇಬ್ಬರೂ ನನ್ನ ಕಡೆ ನೋಡಿ ಯಾರದು ಸರಿ ಎಂದು ಕೇಳಿದರು. ಮಾತಿನ ವಿಷಯದಲ್ಲಿ ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ನಾನು ತಲೆ ಅಲ್ಲಾಡಿಸಿದೆ. ಇಬ್ಬರದೂ ಸರಿಯಲ್ಲ.

ಕಾಕಾ ಕೊರೆದಿಟ್ಟ ಬುರುಡೆಗಳು ಮಾಳಿಗೆಯ ಮೇಲೆ ಬಿಸಿಲಿಗೆ ಸಾಲಾಗಿ ಇರುತ್ತಿದ್ದವು. ದೊಡ್ಡ ತಂಬೂರಿಯವು, ಸಣ್ಣ ಸಿತಾರದವು, ಬಣ್ಣ ತಿಳಿಹೊಂಬಣ್ಣ. ಮಧ್ಯಾಹ್ನ ಮಾವಶಿ ಮಲಗಿದಾಗ ನಾನು ಅವುಗಳ ನಡುವೆ ಹೋಗಿ ಕೂರುತ್ತಿದ್ದೆ. ಕೆಳಗಿನ ಓಣಿಯಿಂದ ಯಾರೋ ತಂತಿ ಬಿಗಿಯುತ್ತ, ಮತ್ತೆ ಸಡಿಲಿಸುತ್ತ, ಒಂದೇ ಸ್ವರವನ್ನು ಹುಡುಕುವ ಸದ್ದು ಬರುತ್ತಿತ್ತು. ಒಂದು ದೊಡ್ಡ ಬುರುಡೆಯ ಬಾಯಿಗೆ ಮುಖವಿಟ್ಟು ಈ ಅನ್ನುತ್ತಿದ್ದೆ, ದನಿ ನಿಲ್ಲಿಸುತ್ತಿದ್ದೆ, ಉಸಿರು ಬಿಡುತ್ತಿದ್ದೆ. ಬುರುಡೆಯೊಳಗೆ ಬೆಚ್ಚಗಿನ ಕತ್ತಲೆ, ಒಣ ತಿರುಳಿನ ವಾಸನೆ. ನಾನು ಬಿಟ್ಟ ಉಸಿರು ಅಲ್ಲಿ ಸುತ್ತಿ ನನ್ನ ಕೆನ್ನೆಗೇ ಬಂದು ತಾಗುತ್ತಿತ್ತು. ಹಾಗೆ ಕೂತಾಗ ನಾನು ಯಾವ ಊರಿನಲ್ಲಿದ್ದೇನೆ, ಯಾರ ಮಗಳು ಎಂಬುದೆಲ್ಲ ಮರೆತುಹೋಗುತ್ತಿತ್ತು. ಹೊತ್ತು ಇಳಿದದ್ದು ತಿಳಿಯುತ್ತಿರಲಿಲ್ಲ. ಮಾವಶಿ ಏಣಿಯ ಮೇಲಿಂದ ತಲೆ ಹಾಕಿ, "ಬುರುಡಿ ಜೋಡಿ ಏನ ಮಾತಾಡಾಕತ್ತಿ? ಚಾ ಆಗೇತಿ ಬಾ" ಅಂದಾಗ ಎಚ್ಚರವಾಗುತ್ತಿತ್ತು.

ಚಳಿಗಾಲದ ಒಂದು ಬೆಳಗ್ಗೆ ಬಾಯಿಯವರು ಹೇಳಿಕಳಿಸಿದರು. ಆ ದಿನ ಮಧ್ಯಾಹ್ನ ಅವರಿಗೆ ಬಿಡುವಿರಲಿಲ್ಲ. ನಾವು ಹೋದಾಗ ಅವರು ಉಪಕರಣ ಇಡುವ ಹೊಳೆಯುವ ತಟ್ಟೆಯೊಂದನ್ನು ತಂದು ನನ್ನ ಮೂಗಿನ ಕೆಳಗೆ ಹಿಡಿದರು. ಲೋಹ ಮಂಜಿನಷ್ಟು ತಣ್ಣಗಿತ್ತು. ಹಿಂದೆಯೂ ಹಿಡಿದಿದ್ದರು, ನಾನು ಏನೇ ಅಂದರೂ ತಟ್ಟೆಯ ಮೇಲೆ ಬೆವರಿನಂತೆ ಆವಿ ಕೂರುತ್ತಿತ್ತು, ಮೂಗಿನಿಂದ ಗಾಳಿ ಸೋರುತ್ತಿದೆ ಎಂದು ಅದು ಹೇಳುತ್ತಿತ್ತು. ಅಂದು ನಾನು ಈ ಅಂದೆ. ದನಿ ನಿಲ್ಲಿಸಿದೆ. ಉಸಿರು ನಾಲಿಗೆಯ ಮೇಲಿನಿಂದ, ಹೊಲಿದ ಅಂಗುಳಿನ ಕೆಳಗಿನಿಂದ, ತಣ್ಣಗೆ, ಸಣ್ಣಗೆ ಹೊರಗೆ ಹೋಯಿತು. ಹಲ್ಲುಗಳಿಗೆ ಅದರ ತಂಪು ತಾಗಿತು. ನನ್ನ ಉಸಿರು ನನ್ನ ಹಲ್ಲಿಗೆ ತಾಗಿದ್ದು ನನಗೆ ಹೊಸದು.

ಇಹ್.

ಬಾಯಿಯವರು ತಟ್ಟೆ ತಿರುಗಿಸಿ ನೋಡಿದರು. ಮಾವಶಿಗೂ ತೋರಿಸಿದರು. ತಟ್ಟೆ ಸ್ವಚ್ಛವಾಗಿತ್ತು, ಅದರಲ್ಲಿ ಬೇವಿನ ಎಲೆಗಳು ಕಾಣುತ್ತಿದ್ದವು. "ಪುನ್ಹಾ" ಅಂದರು, ಇನ್ನೊಮ್ಮೆ. ಮತ್ತೆ ಅಂದೆ. ಮತ್ತೆ. ಅವರು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಾವೂ ಅಂದರು. ನಾನೊಮ್ಮೆ, ಅವರೊಮ್ಮೆ. ನೀರು ತುಂಬಲು ಹೊರಟ ಆಯಾ ಒಬ್ಬಳು ಕೊಡ ಕೆಳಗಿಟ್ಟು, ಈ ಇಬ್ಬರಿಗೆ ಏನಾಗಿದೆ ಎಂದು ನೋಡುತ್ತ ನಿಂತಳು.

ಆಮೇಲೆ ಮಾತುಗಳು ಬಂದವು. ಬಾಯಿಯವರು ಜಾಣತನದಿಂದ ನನಗೆ ಮೊದಲೇ ಬರುತ್ತಿದ್ದ ಮ, ನ, ಲಗಳಿಂದ ಶುರುವಾಗುವ ಮಾತುಗಳನ್ನೇ ಆರಿಸಿದರು. ಮಿಹ್. ನಿಹ್ತ್. ಲಿಹ್ತ್. ಮಿಲ್ಹ್. ಕೊನೆಯ ತ್ ನನಗೆ ಇನ್ನೂ ಬರುತ್ತಿರಲಿಲ್ಲ, ಸದ್ಯಕ್ಕೆ ಅದನ್ನು ಬಿಡು ಅಂದರು. ಅರ್ಥ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ, ಮಾವಶಿಯೇ ಕೇಳಿದಳು. ಮಿಲ್ಹ್ ಅಂದರೆ ಹಾಲು, ಲಿಹ್ತ್ ಅಂದರೆ ಬೆಳಕು. ಮೊದಲು ಕಲಿತ ಇಹ್ ಅಂದರೆ ನಾನು. "ನಾ ಅನ್ನಾಕ ಇಷ್ಟೆಲ್ಲಾ ತ್ರಾಸ ಏನು ಅವರಿಗೆ!" ಎಂದು ಮಾವಶಿ ಆಶ್ಚರ್ಯಪಟ್ಟಳು. ಬಾಯಿಯವರಿಗೂ ಒಂದು ತ್ರಾಸ ಇತ್ತು. ಳ ಅವರಿಗೆ ಬರುತ್ತಿರಲಿಲ್ಲ. ಮಗುವನ್ನು ಕರೆಯುವ ಬಾಳ ಎಂಬ ಮರಾಠಿ ಮಾತು ಅವರ ಬಾಯಲ್ಲಿ ಬಾಲ ಆಗುತ್ತಿತ್ತು. ನಾನು ನನ್ನ ನಾಲಿಗೆ ಮಡಚಿ ತೋರಿಸುತ್ತಿದ್ದೆ, ಅವರು ಕಣ್ಣು ಮುಚ್ಚಿ ಶ್ರದ್ಧೆಯಿಂದ ಪ್ರಯತ್ನಿಸುತ್ತಿದ್ದರು, ಕಡೆಗೆ ಬಾಲ ಅಂದು ನಕ್ಕುಬಿಡುತ್ತಿದ್ದರು. ಅದು ಅವರಿಗೆ ಎಂದೂ ಬರಲಿಲ್ಲ.

ಇಹ್‌ನಿಂದ ಶಕ್ಕೆ ಹೋಗುವುದು ಅಷ್ಟು ಕಷ್ಟವಾಗಲಿಲ್ಲ. ನಾಲಿಗೆಯ ತುದಿ ಸ್ವಲ್ಪ ಎದ್ದರೆ ಸಾಕಿತ್ತು. ಶದಿಂದ ಸಕ್ಕೆ ಇನ್ನೊಂದಿಷ್ಟು ದಿನ. ಗಾಳಿ ಬಾಯಿಂದ ಹೋಗುವುದು ರೂಢಿಯಾದ ಮೇಲೆ ಪ, ತ, ಚ ಒಂದೊಂದಾಗಿ ಬಂದವು. ಕ ಎಲ್ಲಕ್ಕಿಂತ ಕೊನೆಗೆ ಬಂತು. ಬೇಸಿಗೆ ಬಂದು ಹೋಯಿತು, ಮಳೆ ಹಿಡಿಯಿತು. ನಾನು ನಿಧಾನಕ್ಕೆ, ಒಂದೊಂದು ಅಕ್ಷರ ಮುಟ್ಟಿ ನೋಡಿ ಇಟ್ಟಂತೆ ಮಾತಾಡುತ್ತಿದ್ದೆ.

ಒಂದು ಸಂಜೆ ಮಾವಶಿ ನನ್ನ ಕೈಗೆ ಚಿಲ್ಲರೆ ಕೊಟ್ಟು, "ಸ್ಟೇಶನ್ ಕಡೆ ಮೂಲ್ಯಾಗ ಮುದುಕ ಕುಂತಿರ್ತಾನ. ಹುರದ ಶೇಂಗಾ ತಗೊಂಡ ಬಾ" ಅಂದಳು. ನಾನು ಅವಳ ಮುಖ ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು. ಅಲ್ಲಿಯವರೆಗೆ ನಾನು ಒಬ್ಬಳೇ ಅಂಗಡಿಗೆ ಹೋದವಳಲ್ಲ. ದಾರಿಯುದ್ದಕ್ಕೂ ಶೇಂಗಾ ಶೇಂಗಾ ಎಂದು ತುಟಿಯೊಳಗೆ ಅನ್ನುತ್ತ ನಡೆದೆ. ಮಳೆ ಆಗಷ್ಟೇ ನಿಂತಿತ್ತು. ಟಾಂಗಾದ ಕುದುರೆಗಳ ಮೈಯಿಂದ ಹಬೆ ಏಳುತ್ತಿತ್ತು. ಮುದುಕ ಬುಟ್ಟಿಯ ಮೇಲೆ ಕೆಂಡದ ಮಡಕೆ ಇಟ್ಟುಕೊಂಡು ಕೂತಿದ್ದ.

"ಶೇಂಗಾ ಕೊಡ್ರಿ" ಅಂದೆ.

ಅವನು ತಲೆ ಎತ್ತಲಿಲ್ಲ. ಕಾಗದ ಸುತ್ತಿ, ಶೇಂಗಾ ಸುರಿದು, ಕೈ ಮುಂದೆ ಮಾಡಿದ. ಚಿಲ್ಲರೆ ತೆಗೆದುಕೊಂಡ. ಮುಂದಿನ ಗಿರಾಕಿಯ ಕಡೆ ತಿರುಗಿದ. ನಾನು ಅಲ್ಲೇ ನಿಂತಿದ್ದೆ. ಏನಂದಿ, ಇನ್ನೊಮ್ಮೆ ಹೇಳು ಎಂದು ಅವನು ಕೇಳಲಿಲ್ಲ; ನನ್ನ ಮೂಗು, ಬಾಯಿ ನೋಡಲಿಲ್ಲ; ಯಾರ ಮಗಳಿವಳು ಎಂದು ಹುಡುಕಲಿಲ್ಲ. ಅವನಿಗೆ ಕೇಳಿಸಿದ್ದು ಶೇಂಗಾ ಮಾತ್ರ. ಮನೆಗೆ ಓಡಿಬಂದು ಪೊಟ್ಟಣವನ್ನು ಮಾವಶಿಯ ಕೈಯಲ್ಲಿಟ್ಟೆ. "ಏನಂದ ಮುದುಕ?" ಎಂದು ಕೇಳಿದಳು. "ಏನೂ ಅನಲಿಲ್ಲ" ಅಂದೆ. ಮಾವಶಿ ನನ್ನನ್ನು ಎದೆಗೆ ಒತ್ತಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಬಿಸಿ ಶೇಂಗಾ ನಮ್ಮಿಬ್ಬರ ನಡುವೆ ನಜ್ಜುಗುಜ್ಜಾಯಿತು.

ನಾಗರಪಂಚಮಿಗೆ ಅವ್ವ ಬಂದಳು. ಬಾಗಿಲಲ್ಲೇ ನಾನು, "ಅವ್ವಾ, ತಮ್ಮನ್ನ ಯಾಕ ಕರ್ಕೊಂಡ ಬರಲಿಲ್ಲ?" ಎಂದು ಕೇಳಿದೆ. ಅವಳು ಹೊಸ್ತಿಲ ಮೇಲೆ ನಿಂತುಬಿಟ್ಟಳು. ಕಾಲು ತೊಳೆಯಲು ಕೊಟ್ಟ ನೀರಿನ ತಂಬಿಗೆ ಕೈಯಲ್ಲೇ ಇತ್ತು. ನಾನು ಮಾತಾಡುತ್ತಲೇ ಹೋದೆ. ಪುಕ್ಕ, ತಟ್ಟೆ, ಬುರುಡೆ, ಶೇಂಗಾ. ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು, ಅತ್ತಳು, ನಕ್ಕಳು, ನನ್ನ ತಲೆ ಸವರಿದಳು. ಸಂಜೆ ನನ್ನ ಕೂದಲು ಬಾಚುತ್ತ ಕೂತಾಗ ಮೆಲ್ಲಗೆ ಅಂದಳು:

"ಬ್ಯಾರೆ ಯಾರದರೆ ಮಗಳು ಮಾತಾಡಿದಂಗ ಅನಸ್ತೈತಿ ನನಗ."

ನಾನು ತಿರುಗಲು ಹೋದೆ, ಅವಳು ನನ್ನ ತಲೆ ಹಿಡಿದು ನೆಟ್ಟಗೆ ಮಾಡಿದಳು.

"ಒಮ್ಮಿ ಮದಲಿನಂಗ ಕರೀ. ಒಮ್ಮಿ ಸಾಕು."

ನಾನು ಅಂಗುಳನ್ನು ಸಡಿಲ ಬಿಟ್ಟು, ಗಾಳಿಯನ್ನೆಲ್ಲ ಮೂಗಿಗೆ ಕೊಟ್ಟು, ಹಳೆಯ ಹಾಗೆಯೇ ಅವ್ವ ಎಂದು ಕರೆದೆ. ಅವಳು ಬಾಚಣಿಗೆ ನಿಲ್ಲಿಸಿ "ಓ" ಅಂದಳು. ಆಮೇಲೆ ಜಡೆ ಹೆಣೆದು ಮುಗಿಸಿದಳು. ಇನ್ನೆಂದೂ ಅವಳು ಹಾಗೆ ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಯುದ್ಧ ಶುರುವಾಯಿತು. ಅದು ಬಹಳ ದೂರದಲ್ಲಿತ್ತು. ಓಣಿಯ ಗಂಡಸರು ಕಟ್ಟೆಯ ಮೇಲೆ ಕೂತು ಅದರ ಮಾತಾಡುತ್ತಿದ್ದರು, ಅಷ್ಟೇ. ಆದರೆ ಜರ್ಮನಿ ಎಂಬ ಹೆಸರನ್ನು ಈಗ ಎಲ್ಲರೂ ದನಿ ತಗ್ಗಿಸಿ ಹೇಳುತ್ತಿದ್ದರು. ನನಗೆ ಇನ್ನೂ ಒಮ್ಮೊಮ್ಮೆ ಅವಸರದಲ್ಲಿ ಶ ಅನ್ನುವಲ್ಲಿ ಜರ್ಮನ್ ಸದ್ದೇ ಬಂದುಬಿಡುತ್ತಿತ್ತು. ಕಾಕಾ ಒಂದು ದಿನ ನನ್ನನ್ನು ಹತ್ತಿರ ಕರೆದು, "ಆ ಸಪ್ಪಳ ಮನಿಯಾಗಷ್ಟ ಮಾಡವಾ. ಹೊರಗ ಯಾರರೆ ಕೇಳಿದ್ರ ಏನರೆ ತಿಳ್ಕೊಂಡಾರು" ಅಂದರು. ಹೇಳುವಾಗ ಅವರಿಗೇ ನಗು ಬಂತು. ಆದರೂ ಹೇಳಿದ್ದು ನಿಜವಾಗಿಯೇ.

ಹಿಂದುಸ್ಥಾನದಲ್ಲಿದ್ದ ಜರ್ಮನರನ್ನೆಲ್ಲ ಸರಕಾರ ಒಂದು ಕಡೆ ಕೂಡಿಹಾಕುತ್ತಿದೆ ಎಂದು ಸುದ್ದಿ ಬಂತು. ಸ್ವಲ್ಪ ದಿನದಲ್ಲೇ ನಮ್ಮ ಬಾಯಿಯವರಿಗೂ ಕರೆ ಬಂತು. ಅವರು ಹೊರಡುವ ದಿನ ಮಾವಶಿ ಶೇಂಗಾ ಉಂಡಿ ಕಟ್ಟಿ ಡಬ್ಬಿಗೆ ತುಂಬಿದಳು. ನಾವು ಜಂಕ್ಷನ್ನಿಗೆ ಹೋದೆವು. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಬಾಯಿಯವರು ತಮ್ಮ ಟ್ರಂಕಿನ ಮೇಲೆ ಕೂತಿದ್ದರು. ಎಂದಿನ ಬಿಳಿ ಉಡುಪು. ಹತ್ತಿರದಲ್ಲಿ ಇಬ್ಬರು ಪೊಲೀಸರು ನಿಂತಿದ್ದರು. ಅವರ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಮುಜುಗರವಿತ್ತು. ಅವರಲ್ಲೊಬ್ಬನ ಹೆಂಡತಿಯ ಹೆರಿಗೆಯನ್ನು ಬಾಯಿಯವರೇ ಮಾಡಿಸಿದ್ದರು ಎಂದು ಆಮೇಲೆ ತಿಳಿಯಿತು. ಅವನೇ ನಮ್ಮನ್ನು ಹತ್ತಿರ ಹೋಗಲು ಬಿಟ್ಟ.

ಬಾಯಿಯವರು ಡಬ್ಬಿ ತೆಗೆದುಕೊಂಡರು. ನನ್ನ ಗದ್ದ ಎತ್ತಿ, ಬಾಯಿ ತೆರೆಸಿ, ಬಿಸಿಲಿಗೆ ಹಿಡಿದು ಅಂಗುಳನ್ನು ನೋಡಿದರು. "ಚಾಂಗ್ಲಾ" ಅಂದರು, ಚೆನ್ನಾಗಿದೆ. ಆಮೇಲೆ ಅಂಗೈಯನ್ನು ನನ್ನ ತುಟಿಗಳ ಮುಂದೆ ಹಿಡಿದರು. ನಾನು ಪೊಲೀಸರ ಕಡೆ ನೋಡಿದೆ. ಆ ಸದ್ದಿಗೆ ದನಿಯೇ ಇಲ್ಲ. ಮೆಲ್ಲಗೆ ಅಂದರೆ ಪಕ್ಕದಲ್ಲಿ ನಿಂತವರಿಗೂ ಕೇಳುವುದಿಲ್ಲ. ಅಂದೆ. ಅವರ ಅಂಗೈಗೆ ತಾಗಿತು ಎಂದು ಅವರ ಕಣ್ಣಿನಿಂದ ಗೊತ್ತಾಯಿತು.

ರೈಲು ಬರುವ ಹೊತ್ತಿಗೆ ಮಾವಶಿ ಕೇಳಿದಳು: "ಬಾಯೀ, ತುಮ್ಚಂ ಗಾಂವ ಕೋಣತಂ?" ನಿಮ್ಮ ಊರು ಯಾವುದು? ಇಷ್ಟು ದಿನ ನಾವು ಅದನ್ನು ಕೇಳಿಯೇ ಇರಲಿಲ್ಲ. ಅವರು ಹೇಳಿದರು. ಸಣ್ಣ ಊರಂತೆ, ನದಿಯ ದಂಡೆಯ ಮೇಲೆ ಇದೆಯಂತೆ. ಆ ಹೆಸರಿನ ನಡುವೆ ನಾನು ಕಲಿತ ಸದ್ದೇ ಇತ್ತು. ಮಾವಶಿ ಅನ್ನಲು ಹೋಗಿ ನಾಲಿಗೆ ತೊಡರಿಸಿಕೊಂಡಳು. ನಾನು ಒಮ್ಮೆಗೇ ಸರಿಯಾಗಿ ಅಂದೆ. ಬಾಯಿಯವರು ಮುಖ ತಿರುಗಿಸಿಕೊಂಡರು. ರೈಲು ಹೊರಟಾಗ ಕಿಟಕಿಯಿಂದ ಬಾಲ, ಬಾಲ ಎಂದು ಕೈ ಬೀಸಿದರು. ಅವರು ಎಲ್ಲಿಗೆ ಹೋದರು, ಆಮೇಲೆ ಏನಾದರು ಎಂಬುದು ನಮಗೆ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೂ ಯಾರಿಗೂ ಖಾತ್ರಿ ಇರಲಿಲ್ಲ.

ಆ ವರ್ಷವೇ ನಾನು ಸಾಂಗ್ಲಿಗೆ ಮರಳಿದೆ. ಮತ್ತೆ ಶಾಲೆಗೆ ಸೇರಿದೆ, ನನಗಿಂತ ಚಿಕ್ಕ ಹುಡುಗಿಯರ ಜೊತೆ. ಮಾಸ್ತರರು ಗಟ್ಟಿಯಾಗಿ ಓದು ಅಂದಾಗ ಓದಿದೆ. ಅವರು, "ಇನ್ನೂ ಗಟ್ಟಿಯಾಗಿ, ಹಿಂದಿನವರಿಗೆ ಕೇಳಬೇಕು" ಎಂದು ಉಳಿದವರಿಗೆ ಹೇಳಿದಂತೆಯೇ ನನಗೂ ಹೇಳಿದರು.

ಅಪ್ಪನ ಅಂಗಡಿಗೆ ಮರಾಠಿ ವರ್ತಮಾನ ಪತ್ರಿಕೆ ಬರುತ್ತಿತ್ತು. ಸಾಹುಕಾರರು ಓದಿ ಬಿಟ್ಟದ್ದನ್ನು ಅಪ್ಪ ಮರುದಿನ ಸಂಜೆ ಮನೆಗೆ ತರುತ್ತಿದ್ದ. ಕೈಕಾಲು ತೊಳೆದು, ಗೋಡೆಗೆ ಒರಗಿ ಕೂತು, "ಓದವಾ" ಅನ್ನುತ್ತಿದ್ದ. ಪತ್ರಿಕೆಯ ಅಂಚುಗಳಲ್ಲಿ ಅವನ ಬೆರಳಿನ ಅರಿಶಿನ ಇರುತ್ತಿತ್ತು. ನಾನು ಯುದ್ಧದ ಸುದ್ದಿ ಓದುತ್ತಿದ್ದೆ. ವರ್ಷಗಳು ಕಳೆದಂತೆ ಜರ್ಮನಿಯ ಊರುಗಳ ಹೆಸರು ಒಂದೊಂದಾಗಿ ಬರತೊಡಗಿದವು: ಇಂದು ಈ ಊರಿನ ಮೇಲೆ ವಿಮಾನ, ನಾಳೆ ಆ ಊರಿಗೆ ಬೆಂಕಿ. ಓದುವ ಮೊದಲು ನಾನು ಆ ಅಂಕಣವನ್ನೆಲ್ಲ ಕಣ್ಣಿನಲ್ಲಿ ಒಮ್ಮೆ ನೋಡಿಕೊಳ್ಳುತ್ತಿದ್ದೆ. ಮರಾಠಿ ಅಕ್ಷರದಲ್ಲಿ ಆ ಸದ್ದನ್ನು ಅವರು ಹೇಗೆ ಬರೆದಾರು ಎಂದು ತಿಳಿಯದೆ, ಶ ಇರುವ ಹೆಸರನ್ನೂ ಖ ಇರುವ ಹೆಸರನ್ನೂ ಹ ಇರುವ ಹೆಸರನ್ನೂ ಎರಡೆರಡು ಸಲ ನೋಡುತ್ತಿದ್ದೆ. ನಾನು ಏನು ಹುಡುಕುತ್ತಿದ್ದೇನೆ ಎಂದು ಅಪ್ಪನಿಗೆ ಗೊತ್ತಿತ್ತು.

"ಬಾಯಾರ ಊರು ಬಂದೈತೇನು?"

"ಇಲ್ಲಪಾ."

"ಚಲೋ ಆತು" ಅನ್ನುತ್ತಿದ್ದ ಅಪ್ಪ, ಕಣ್ಣು ಮುಚ್ಚಿಕೊಂಡು. "ಈಗ ಓದು."